ಬೆಟ್ಟದ ಓಟ, ತೋಟದ ಗೇಟು

ಬೆಟ್ಟ ಹತ್ತುವುದು ನಮ್ಮ ನಾಡಿಗೆ ಹೊಸದಲ್ಲ. ದೀಪಾವಳಿಗೆ ಚಿಕ್ಕಮಗಳೂರು ಸೀಮೆಯ ದೇವೀರಮ್ಮನ ಬೆಟ್ಟವನ್ನು ಸಾವಿರಾರು ಭಕ್ತರು ಹತ್ತುತ್ತಾರೆ. ಆದರೆ ಒಂದು ಬೆಟ್ಟ ಇಳಿದು ಇನ್ನೊಂದನ್ನು ಹತ್ತಿ, ಹಗಲಿರುಳು ಓಡುವವರೂ ಇದ್ದಾರೆ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಪ್ರಾಂತದಲ್ಲಿ 1932ರ ಜೂನ್‌ನಲ್ಲಿ ಬಾಬ್ ಗ್ರಹಾಂ ಎಂಬ ವಸತಿಗೃಹದ ಮಾಲೀಕರು 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದರು. ದೂರ ಸುಮಾರು 106 ಕಿ.ಮೀ.; ಹತ್ತಿದ ಏರುಗಳನ್ನೆಲ್ಲ ಕೂಡಿದರೆ 8,000 ಮೀಟರಿಗೂ ಹೆಚ್ಚು. ನಮ್ಮ ಮುಳ್ಳಯ್ಯನಗಿರಿಯನ್ನು (1,930 ಮೀ.) ಸಮುದ್ರಮಟ್ಟದಿಂದ ನಾಲ್ಕು ಸಲ ಹತ್ತಿದರೂ ಅಷ್ಟಾಗದು! 1975ರಲ್ಲಿ ಜಾಸ್ ನೇಲರ್ ಅಷ್ಟೇ ಅವಧಿಯಲ್ಲಿ 72 ಶಿಖರ ಮುಟ್ಟಿದರು. ಅವರು ನಮ್ಮಂತೆಯೇ ಬೇಸಾಯಗಾರರು, ಕುರಿ ಸಾಕುವವರು. 70ನೆಯ ವಯಸ್ಸಿನಲ್ಲೂ 70 ಶಿಖರ ಸುತ್ತಿದ ಅವರು 2024ರಲ್ಲಿ ತೀರಿಕೊಂಡರು.

ಗ್ರಹಾಂ ಸುತ್ತನ್ನು ಪೂರೈಸಿದೆನೆನ್ನಲು ಪ್ರತಿ ಶಿಖರದಲ್ಲೂ ಜೊತೆಗಾರನೊಬ್ಬನ ಸಾಕ್ಷಿ ಬೇಕು. ಊಟ, ನೀರು ಹಿಡಿದು ದಾರಿಯಲ್ಲಿ ಕಾಯುವವರು ಬೇರೆ. ಹೆಸರು ಒಬ್ಬರದು, ದುಡಿಮೆ ಹತ್ತು ಜನರದು. ಸಹಕಾರಿಗಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 2016ರಲ್ಲಿ 'ಮಲ್ನಾಡ್ ಅಲ್ಟ್ರಾ' ಓಟ ಆರಂಭವಾಯಿತು. ಅಲ್ಲಿ ಶಿಖರಗಳ ಲೆಕ್ಕವಿಲ್ಲ, 50 ಕಿ.ಮೀ. ಹಾಗೂ ಅದಕ್ಕೂ ಮೀರಿದ ಏರಿಳಿತದ ದಾರಿ. ತೋಟದ ಗೇಟು ತೆರೆದರಷ್ಟೇ ಇಂಥ ಓಟ.

ನಾಳೆ ಇಂಥ ಕೋರಿಕೆ ನಮ್ಮ ಸದಸ್ಯರಿಗೂ ಬರಬಹುದು. ಬೇಡವೆನ್ನಬೇಕಾಗಿಲ್ಲ, ಆದರೆ ಮಾತು ಮೊದಲೇ ಆಗಲಿ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು; ಆಳು ಸಿಗುವುದೇ ಕಷ್ಟವಾಗಿರುವಾಗ ಓಟಕ್ಕಾಗಿ ಒಂದು ದಿನವೂ ಕೆಲಸ ನಿಲ್ಲಿಸಲಾಗದು. ಕಣದ ಮೇಲೆ ಯಾರೂ ಹಾಯಬಾರದು, ಪ್ಲಾಸ್ಟಿಕ್ ಬಾಟಲಿ ಬಿಟ್ಟು ಹೋಗಬಾರದು. ಓಡುವವರು ಬಿದ್ದು ಗಾಯಗೊಂಡರೆ ಹೊಣೆ ಯಾರದೆಂಬುದು ಬರವಣಿಗೆಯಲ್ಲಿರಲಿ. ಎಷ್ಟು ಜನ ಎಂಬುದೂ ಗೊತ್ತಾಗಲಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ಇನ್ನು ರಾತ್ರಿ ಓಟದ ಮಾತು. ಹ್ಯಾಂಡ್‌ಪೋಸ್ಟಿನ ಸುತ್ತಿನ ನಾವು ನಾಗರಹೊಳೆ, ಬಂಡೀಪುರ ಕಾಡುಗಳ ಮಗ್ಗುಲಲ್ಲಿರುವವರು. ಅದಕ್ಕೆ ನಾವು ಒಪ್ಪಲೇಬಾರದು. ಓಟಗಾರನ ಎದೆಯ ಮೇಲಿನ ನಂಬರು ಆನೆಗೆ ಓದಲು ಬಾರದು!

ಒಬ್ಬರು ಗೇಟು ತೆರೆದು ಪಕ್ಕದವರು ಮುಚ್ಚಿದರೆ ದಾರಿಯೂ ಸಾಗದು, ನೆರೆಹೊರೆಯೂ ಕೆಡುತ್ತದೆ. ಆದ್ದರಿಂದ ಕೋರಿಕೆ ಬಂದಾಗ ಸದಸ್ಯರು ಒಬ್ಬೊಬ್ಬರೇ ಮಾತು ಕೊಡದೆ, ಸಂಘದ ಸಭೆಗೆ ತರಬೇಕೆಂದು ಕೋರುತ್ತೇವೆ.