ಹಂಚಿಕೆಗೊಂದು ಕರಾರು

1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರನ್ನು ಕೊಡುಗೆಯಾಗಿ ಕೊಟ್ಟಿತು. ಹಳೆಯದಕ್ಕಿಂತ ಇದು ಬಲು ಚುರುಕು, ಅಕ್ಷರಗಳೂ ಸ್ಫುಟ. ಆದರೆ ಆಗಾಗ ಕಾಗದ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ಯಂತ್ರವಿದ್ದದ್ದು ಒಂದು ಮಹಡಿಯಲ್ಲಿ, ಬಹಳಷ್ಟು ಮಂದಿ ಕೆಲಸ ಮಾಡುತ್ತಿದ್ದದ್ದು ಇನ್ನೊಂದರಲ್ಲಿ. ಮುದ್ರಣಕ್ಕೆ ಕೊಟ್ಟವರು ಕಾದು ಕಾದು ಹೋಗಿ ನೋಡಿದರೆ ಬೇರೆ ಯಾರದೋ ಕಡತದ ನಡುವೆಯೇ ಅದು ನಿಂತಿರುತ್ತಿತ್ತು.

ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಇದೇನೂ ಹೊಸ ತೊಂದರೆಯಲ್ಲ. ಹಳೆಯ ಪ್ರಿಂಟರೂ ಹೀಗೇ ಕಾಡಿತ್ತು. ಕಾಗದ ಸಿಕ್ಕಿಕೊಳ್ಳುವುದನ್ನು ತಂತ್ರಾಂಶದಿಂದ ತಪ್ಪಿಸಲಾಗದು. ಸಿಕ್ಕಿಕೊಂಡ ಸುದ್ದಿಯನ್ನು ಮುಟ್ಟಿಸಬಹುದು. ಹಾಗಾಗಿ, ಪ್ರಿಂಟರ್ ನಿಂತ ಕೂಡಲೇ ಮುದ್ರಣದ ಸರದಿಯಲ್ಲಿದ್ದವರಿಗೆಲ್ಲ ಪರದೆಯ ಮೇಲೆ ಸಂದೇಶ ಮೂಡುವಂತೆ ಅವರು ಹಳೆಯ ಪ್ರಿಂಟರಿನ ಪ್ರೋಗ್ರಾಂ ತಿದ್ದಿದ್ದರು. ಗರಜಿದ್ದವರಲ್ಲಿ ಯಾರಾದರೊಬ್ಬರು ಎದ್ದು ಹೋಗಿ ಸರಿಪಡಿಸುತ್ತಿದ್ದರು. ಹೊಸದಕ್ಕೂ ಅಷ್ಟು ಮಾಡಿದರೆ ಸಾಕಿತ್ತು. ಆದರೆ ಅದರ ಜೊತೆ ಸೋರ್ಸ್ ಕೋಡ್ ಬಂದಿರಲಿಲ್ಲ. ಮನುಷ್ಯರು ಓದಿ ತಿದ್ದಬಲ್ಲ ರೂಪದ ಪ್ರೋಗ್ರಾಂ ಕಂಪನಿಯಲ್ಲೇ ಉಳಿದಿತ್ತು. ಇವರಿಗೆ ಸಿಕ್ಕಿದ್ದು ಯಂತ್ರಕ್ಕೆಂದು ಪರಿವರ್ತಿಸಿದ ಸೊನ್ನೆ-ಒಂದುಗಳ ಕಂತೆ ಮಾತ್ರ.

ಆ ಸೋರ್ಸ್ ಕೋಡ್ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕರ ಬಳಿ ಇದೆಯೆಂದು ಕೇಳಿ, ಆ ಕಡೆ ಹೋದಾಗ ಸ್ಟಾಲ್‌ಮನ್ ಆ ಸಂಶೋಧಕರ ಕೋಣೆಗೇ ಹೋಗಿ ಒಂದು ಪ್ರತಿ ಕೇಳಿದರು. ಅವರು ಕೊಡಲಿಲ್ಲ. ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದರು. ಸ್ಟಾಲ್‌ಮನ್ ಮರುಮಾತಾಡದೆ ಹೊರಗೆ ಬಂದರು. ಅವರ ಪ್ರಯೋಗಾಲಯದಲ್ಲಿ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದುವುದು, ತಿದ್ದುವುದು, ಬೇರೆ ವಿಶ್ವವಿದ್ಯಾಲಯದವರು ಕೇಳಿದರೆ ಕೊಡುವುದು ದಿನನಿತ್ಯದ ರೂಢಿ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡದ ರೂಢಿ ಎಷ್ಟು ಬೇಗ ಅಳಿಯಬಲ್ಲದೆಂಬುದು ಮುಂದಿನ ಎರಡು ಮೂರು ವರ್ಷಗಳಲ್ಲಿ ಗೊತ್ತಾಯಿತು.

ಹೊರಗೆ ಕಾನೂನು ಬದಲಾಗುತ್ತಿತ್ತು. 1978ರಿಂದ ಜಾರಿಗೆ ಬಂದಿದ್ದ ಅಮೆರಿಕದ ಹೊಸ ಕೃತಿಸ್ವಾಮ್ಯ ಕಾಯಿದೆಗೆ 1980ರಲ್ಲಿ ತಿದ್ದುಪಡಿ ತಂದು, ಕಂಪ್ಯೂಟರ್ ಪ್ರೋಗ್ರಾಂ ಎಂದರೇನೆಂಬ ವ್ಯಾಖ್ಯೆಯನ್ನು ಸೇರಿಸಲಾಯಿತು. 1983ರಲ್ಲಿ ಆಪಲ್ ಮತ್ತು ಫ್ರಾಂಕ್ಲಿನ್ ಕಂಪನಿಗಳ ವ್ಯಾಜ್ಯದಲ್ಲಿ, ಯಂತ್ರವಷ್ಟೇ ಓದಬಲ್ಲ ರೂಪಕ್ಕೂ ಕೃತಿಸ್ವಾಮ್ಯ ಉಂಟೆಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ನಮ್ಮ 1957ರ ಕಾಯಿದೆಯಲ್ಲೂ 1984ರ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯ ಕೃತಿ’ಗಳ ಸಾಲಿಗೆ ಸೇರಿತು. ಆದರೆ ಕಾದಂಬರಿ ಕೊಂಡವರು ಅದನ್ನು ಓದಬಲ್ಲರು, ಓದಿ ಬರೆಯಲು ಕಲಿಯಬಲ್ಲರು. ಯಂತ್ರರೂಪದ ಪ್ರೋಗ್ರಾಂ ಕೊಂಡವರು ಅದನ್ನು ನಡೆಸಬಲ್ಲರೇ ಹೊರತು ಓದಲಾರರು. ಪ್ರತಿ ಮಾಡುವುದನ್ನು ಕಾನೂನು ತಡೆಯಿತು. ಸೋರ್ಸ್ ಕೋಡ್ ಮುಚ್ಚಿಟ್ಟ ಕಂಪನಿಗಳು ಕಲಿಯುವುದನ್ನೂ ತಡೆದವು.

ಅದೇ ಹೊತ್ತಿಗೆ ಪ್ರಯೋಗಾಲಯದ ಬಹುಪಾಲು ಪ್ರೋಗ್ರಾಮರುಗಳನ್ನು ಸಿಂಬಾಲಿಕ್ಸ್ ಎಂಬ ಹೊಸ ಕಂಪನಿ ಕೆಲಸಕ್ಕೆ ಸೇರಿಸಿಕೊಂಡಿತು. ಕೂಡಿ ಬರೆಯುತ್ತಿದ್ದವರ ಗುಂಪು ಚದುರಿತು. 1983ರ ಸೆಪ್ಟೆಂಬರ್ 27ರಂದು ಸ್ಟಾಲ್‌ಮನ್ ಒಂದು ಪ್ರಕಟಣೆ ಹೊರಡಿಸಿದರು: ಯೂನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ಹೊಂದುವ, ಯಾರು ಬೇಕಾದರೂ ಬಳಸಿ ಹಂಚಬಹುದಾದ ಗ್ನೂ ಎಂಬ ಹೊಸ ವ್ಯವಸ್ಥೆಯನ್ನು ಮೊದಲಿನಿಂದ ಬರೆಯುತ್ತೇನೆ. 1984ರ ಜನವರಿಯಲ್ಲಿ ಎಂಐಟಿಯ ನೌಕರಿಯನ್ನೂ ಬಿಟ್ಟರು. ನೌಕರಿಯಲ್ಲಿದ್ದರೆ, ಬರೆದದ್ದು ತನಗೇ ಸೇರಿದ್ದೆಂದು ಸಂಸ್ಥೆ ಹೇಳುವುದಕ್ಕೆ ಅವಕಾಶವಿತ್ತು.

ಬರೆದು ಹಂಚುವುದೇನೋ ಸರಿ. ಹಂಚಿದ್ದು ಮುಂದೆಯೂ ಹಂಚಿಕೆಯಲ್ಲೇ ಉಳಿಯುವಂತೆ ಮಾಡುವುದು ಹೇಗೆ? ಗ್ನೂ ಯೋಜನೆಯ ನಿಜವಾದ ಆವಿಷ್ಕಾರ ಈ ಪ್ರಶ್ನೆಯ ಉತ್ತರದಲ್ಲಿದೆ. ಅದು ಒಂದೇ ಏಟಿಗೆ ಹೊಳೆದದ್ದಲ್ಲ. ಕಣ್ಣೆದುರಿನ ದಾರಿಗಳು ಒಂದೊಂದಾಗಿ ಮುಚ್ಚಿಕೊಂಡ ಮೇಲೆ ಹೊಳೆದದ್ದು.

ಮೊದಲ ದಾರಿ ಬಾಯಿಮಾತಿನ ಒಪ್ಪಂದ. 1976ರಲ್ಲಿ ಸ್ಟಾಲ್‌ಮನ್, ಗೈ ಸ್ಟೀಲ್ ಮೊದಲಾದವರು ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕವನ್ನು ರೂಪಿಸಿದ್ದರು. ಯಾರು ಬೇಕಾದರೂ ಒಯ್ಯಲಿ, ಆದರೆ ಅದಕ್ಕೆ ಮಾಡಿದ ಸುಧಾರಣೆಗಳನ್ನೆಲ್ಲ ತನಗೆ ಹಿಂತಿರುಗಿಸಲಿ ಎಂಬುದು ಸ್ಟಾಲ್‌ಮನ್ ಇಟ್ಟಿದ್ದ ಷರತ್ತು. ಇದನ್ನು ಅವರು ಇಮ್ಯಾಕ್ಸ್ ಕಮ್ಯೂನ್ ಎಂದು ಕರೆದರು. ಪರಸ್ಪರ ಪರಿಚಯವಿದ್ದವರ ಗುಂಪಿನಲ್ಲಿ ಇದು ಚೆನ್ನಾಗಿಯೇ ನಡೆಯಿತು. ಆದರೆ ಷರತ್ತು ಮುರಿದವರನ್ನು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ.

ಎರಡನೆಯ ದಾರಿ ನಂಬಿಕೆ. 1981ರಲ್ಲಿ ಕಾರ್ನೆಗಿ ಮೆಲನ್‌ನ ವಿದ್ಯಾರ್ಥಿ ಜೇಮ್ಸ್ ಗಾಸ್ಲಿಂಗ್, ಮುಂದೆ ಜಾವಾ ಭಾಷೆಯಿಂದ ಹೆಸರಾದವರು, ಯೂನಿಕ್ಸ್‌ಗಾಗಿ ತಮ್ಮದೇ ಇಮ್ಯಾಕ್ಸ್ ಬರೆದರು. ಅದು ಕೈಯಿಂದ ಕೈಗೆ ಹಂಚಿಕೆಯಾಯಿತು, ಹಲವರು ಅದಕ್ಕೆ ದುಡಿದರು. ಆಮೇಲೆ ಗಾಸ್ಲಿಂಗ್ ಅದರ ಹಕ್ಕನ್ನು ಯುನಿಪ್ರೆಸ್ ಎಂಬ ಕಂಪನಿಗೆ ಮಾರಿದರು. 1984ರಲ್ಲಿ ಗ್ನೂ ಇಮ್ಯಾಕ್ಸ್ ಬರೆಯತೊಡಗಿದ ಸ್ಟಾಲ್‌ಮನ್, ಹಂಚಲು ಅನುಮತಿ ಇದೆಯೆಂದು ಪರಿಚಯದವರೊಬ್ಬರು ಹೇಳಿದ್ದನ್ನು ನಂಬಿ ಗಾಸ್ಲಿಂಗ್ ಅವರ ಕೋಡಿನ ಕೆಲವು ಭಾಗಗಳನ್ನು ಬಳಸಿದ್ದರು. ಯುನಿಪ್ರೆಸ್ ಆಕ್ಷೇಪಿಸಿತು. ಆ ಭಾಗಗಳನ್ನೆಲ್ಲ ತೆಗೆದುಹಾಕಿ 1985ರಲ್ಲಿ ಹೊಸದಾಗಿ ಬರೆಯಬೇಕಾಯಿತು. ಈ ಪ್ರಕರಣದಲ್ಲಿ ಒಂದು ಪಾಠ ಸ್ಪಷ್ಟವಾಗಿದೆ: ಅನುಮತಿ ಯಾರದೋ ನೆನಪಿನಲ್ಲೋ ಯಾರದೋ ಪತ್ರದಲ್ಲೋ ಇದ್ದರೆ ಸಾಲದು, ಅದು ಕೃತಿಯ ಒಳಗೇ ಬರೆದಿರಬೇಕು, ಕೃತಿ ಹೋದಲ್ಲೆಲ್ಲ ಜೊತೆಗೆ ಹೋಗಬೇಕು.

ಮೂರನೆಯದು ಎಲ್ಲರಿಗೂ ಮೊದಲು ತೋಚುವ ದಾರಿ: ಹಕ್ಕನ್ನೇ ಬಿಟ್ಟುಕೊಡುವುದು, ಇಲ್ಲವೇ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಕೊಟ್ಟುಬಿಡುವುದು. ಇದರ ಗತಿ ಏನಾಗುತ್ತದೆಂಬುದಕ್ಕೆ ಎಂಐಟಿಯಲ್ಲೇ ಹುಟ್ಟಿದ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆ ಮುಂದೆ ಸಾಕ್ಷಿಯಾಯಿತು. ಎಂಐಟಿ ಅದನ್ನು ಬಹಳ ಉದಾರವಾದ ಪರವಾನಗಿಯಲ್ಲಿ ಹಂಚಿತು. ಕಂಪನಿಗಳು ಅದನ್ನು ತಮ್ಮ ಯೂನಿಕ್ಸ್‌ಗೆ ಸೇರಿಸಿಕೊಂಡು, ಸೋರ್ಸ್ ಕೋಡ್ ಕೊಡದೆ ಯಂತ್ರರೂಪದಲ್ಲಷ್ಟೇ ಮಾರಿದವು. ಮೂಲ ಲೇಖಕರು ಕೊಟ್ಟ ಸ್ವಾತಂತ್ರ್ಯ ನಡುವಿನವರ ಕೈಯಲ್ಲೇ ನಿಂತುಹೋಯಿತು. ಕೊನೆಯ ಬಳಕೆದಾರರಿಗೆ ಮುಟ್ಟಲಿಲ್ಲ.

ಉಳಿದದ್ದು ಯಾರೂ ನಿರೀಕ್ಷಿಸದ ದಾರಿ. ಕೃತಿಸ್ವಾಮ್ಯವೆಂದರೆ ಮೂಲತಃ ಇತರರನ್ನು ತಡೆಯುವ ಅಧಿಕಾರ. ಆ ಅಧಿಕಾರ ಇರುವವರು ಷರತ್ತು ಹಾಕಬಲ್ಲರು, ಬಿಟ್ಟುಕೊಟ್ಟವರು ಹಾಕಲಾರರು. ಹಾಗಾದರೆ ಹಕ್ಕನ್ನು ಬಿಡದೆ ಗಟ್ಟಿಯಾಗಿ ಹಿಡಿದುಕೊಂಡು, ಅದರ ಬಲದಿಂದಲೇ ಎಲ್ಲರಿಗೂ ಅನುಮತಿ ಕೊಟ್ಟರೆ? 1985ರಲ್ಲಿ ಗ್ನೂ ಇಮ್ಯಾಕ್ಸ್ ಜೊತೆಗೆ ಬಂದ ಪರವಾನಗಿಯ ತಿರುಳು ಇದೇ. ಬಳಸಿ, ಓದಿ, ತಿದ್ದಿ, ಪ್ರತಿ ಮಾಡಿ, ಬೇಕಾದರೆ ದುಡ್ಡಿಗೂ ಮಾರಿ. ಆದರೆ ಇನ್ನೊಬ್ಬರಿಗೆ ಕೊಡುವಾಗ, ತಿದ್ದಿದ ರೂಪವನ್ನೂ ಸೋರ್ಸ್ ಕೋಡ್ ಸಮೇತ, ಇದೇ ಷರತ್ತಿನ ಮೇಲೆ ಕೊಡಬೇಕು. ಒಂದು ಮನೆಯಿಂದ ತಂದ ಹೆಪ್ಪು ನಮ್ಮ ಮನೆಯ ಹಾಲನ್ನು ಮೊಸರು ಮಾಡಿ, ಆ ಮೊಸರೇ ಪಕ್ಕದ ಮನೆಗೆ ಹೆಪ್ಪಾಗುವ ಹಾಗೆ, ಅನುಮತಿ ಕೃತಿಯಿಂದ ಕೃತಿಗೆ ಸಾಗುತ್ತದೆ. ಇದಕ್ಕೆ ಕಾಪಿಲೆಫ್ಟ್ ಎಂಬ ಹೆಸರು ಬಂದದ್ದು ಸ್ಟಾಲ್‌ಮನ್ ಅವರ ಗೆಳೆಯ ಡಾನ್ ಹಾಪ್ಕಿನ್ಸ್ ಕಳಿಸಿದ ಒಂದು ಪತ್ರದಿಂದ. ಇಮ್ಯಾಕ್ಸ್ ತುಂಬಿದ ಟೇಪನ್ನು ಸ್ಟಾಲ್‌ಮನ್ 150 ಡಾಲರ್‌ಗೆ ಮಾರುತ್ತಿದ್ದರು. ಕೊಂಡವರು ಅದನ್ನು ಪ್ರತಿ ಮಾಡಿ ಹಂಚಲು ಸ್ವತಂತ್ರರು.

ಮೊದಲು ಪ್ರತಿ ಪ್ರೋಗ್ರಾಮಿಗೂ ಬೇರೆಬೇರೆ ಪರವಾನಗಿ ಇತ್ತು. ಒಂದರ ಕೋಡನ್ನು ಇನ್ನೊಂದಕ್ಕೆ ಸೇರಿಸುವಾಗ ತೊಡಕಾಗುತ್ತಿತ್ತು. 1989ರ ಫೆಬ್ರವರಿಯಲ್ಲಿ ಎಲ್ಲಕ್ಕೂ ಅನ್ವಯಿಸುವ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್, ಅಂದರೆ ಜಿಪಿಎಲ್, ಹೊರಬಂತು. 1991ರಲ್ಲಿ ಅದರ ಎರಡನೆಯ ಆವೃತ್ತಿ.

ಕರಾರು ಕಾಗದದ ಮೇಲಷ್ಟೇ ಉಳಿಯಲಿಲ್ಲ. ಸಿ ಭಾಷೆಯ ಸೋರ್ಸ್ ಕೋಡನ್ನು ಯಂತ್ರರೂಪಕ್ಕೆ ತರುವ ಗ್ನೂ ಯೋಜನೆಯ ಕಂಪೈಲರ್ 1987ರಲ್ಲಿ ಬಂದಾಗ, ಅದನ್ನು ಆಧರಿಸಿ ಅಮೆರಿಕದ ಎಂಸಿಸಿ ಎಂಬ ಉದ್ಯಮ ಒಕ್ಕೂಟದಲ್ಲಿದ್ದ ಮೈಕೆಲ್ ಟೀಮನ್ ಸಿ ಪ್ಲಸ್ ಪ್ಲಸ್ ಕಂಪೈಲರ್ ಬರೆದರು. ಆ ಒಕ್ಕೂಟ ಸಾಮಾನ್ಯವಾಗಿ ತನ್ನ ಕೆಲಸವನ್ನು ಸದಸ್ಯ ಕಂಪನಿಗಳಿಗೆ ಮೀಸಲಿಡುತ್ತಿತ್ತು. ಇಲ್ಲಿ ಷರತ್ತಿನಿಂದಾಗಿ ಎಲ್ಲರಿಗೂ ಬಿಡಬೇಕಾಯಿತು. ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ಅದೇ ಕಂಪೈಲರಿಗೆ ತಾನು ಸೇರಿಸಿದ ಆಬ್ಜೆಕ್ಟಿವ್-ಸಿ ಭಾಷೆಯ ಭಾಗವನ್ನು ಮುಚ್ಚಿಡಲು ಬಯಸಿತ್ತು. ಅದೂ ಕೊನೆಗೆ ಹೊರಬಂತು. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ಎಂಬ ಕರ್ನೆಲ್‌ಗೆ, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿಗೆ, ಮೊದಲು ವಾಣಿಜ್ಯ ಹಂಚಿಕೆಯನ್ನು ನಿಷೇಧಿಸುವ ಪರವಾನಗಿ ಇತ್ತು. 1992ರ ಆರಂಭದಲ್ಲಿ ಅವರು ಅದನ್ನು ಜಿಪಿಎಲ್ ಅಡಿಗೆ ತಂದರು. ಇಂದು ಆಂಡ್ರಾಯ್ಡ್ ಫೋನುಗಳ ಒಳಗೆ ನಡೆಯುತ್ತಿರುವುದು ಆ ಲಿನಕ್ಸ್ ಕರ್ನೆಲ್. 2003ರಲ್ಲಿ ಲಿಂಕ್ಸಿಸ್ ಕಂಪನಿಯ ಒಂದು ವೈಫೈ ರೂಟರಿನಲ್ಲಿ ಲಿನಕ್ಸ್ ಇರುವುದನ್ನು ಬಳಕೆದಾರರು ಪತ್ತೆಹಚ್ಚಿ ಕೇಳಿದಾಗ ಕಂಪನಿ ಸೋರ್ಸ್ ಕೋಡ್ ಕೊಟ್ಟಿತು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಬೆಳೆಯಿತು. 2004ರಲ್ಲಿ ಮ್ಯೂನಿಕ್‌ನ ನ್ಯಾಯಾಲಯ ಜಿಪಿಎಲ್ ಷರತ್ತುಗಳನ್ನು ಎತ್ತಿಹಿಡಿಯಿತು.

ತಂತ್ರಾಂಶದಿಂದ ಈ ಉಪಾಯ ಪುಸ್ತಕ, ಸಂಗೀತ, ಚಿತ್ರಗಳ ಲೋಕಕ್ಕೆ ದಾಟಿದ್ದು ಒಂದು ಸೋಲಿನ ಜೊತೆಯಲ್ಲಿ. ಎರಿಕ್ ಎಲ್ಡ್ರೆಡ್ ಎಂಬುವರು ಕೃತಿಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡುತ್ತಿದ್ದರು. 1998ರಲ್ಲಿ ಅಮೆರಿಕ ಕೃತಿಸ್ವಾಮ್ಯದ ಅವಧಿಯನ್ನು 20 ವರ್ಷ ಹಿಗ್ಗಿಸಿತು. 1999ರ ಜನವರಿ 1ಕ್ಕೆ ಎಲ್ಲರದಾಗಬೇಕಿದ್ದ 1923ರ ಪುಸ್ತಕಗಳು 2019ರವರೆಗೆ ಕಾಯಬೇಕಾಯಿತು. ಎಲ್ಡ್ರೆಡ್ ಪರವಾಗಿ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. 2003ರ ಜನವರಿಯಲ್ಲಿ 7-2ರ ತೀರ್ಪಿನಲ್ಲಿ ಸೋತರು. ಆದರೆ ಮೊಕದ್ದಮೆ ನಡೆಯುತ್ತಿರುವಾಗಲೇ ಲೆಸಿಗ್, ಎಲ್ಡ್ರೆಡ್ ಮತ್ತಿತರರು 2001ರಲ್ಲಿ ಕ್ರಿಯೇಟಿವ್ ಕಾಮನ್ಸ್ ಸ್ಥಾಪಿಸಿದ್ದರು. ಕಾನೂನು ಬದಲಾಗುವವರೆಗೆ ಕಾಯದೆ, ಇರುವ ಕಾನೂನಿನಲ್ಲೇ ಲೇಖಕರು ತಾವಾಗಿ ಅನುಮತಿ ಕೊಡಬಹುದಾದ ಸಿದ್ಧ ಪರವಾನಗಿಗಳನ್ನು ಅದು 2002ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅವುಗಳಲ್ಲಿ ‘ಶೇರ್‌ಅಲೈಕ್’ ಎಂಬುದು ಜಿಪಿಎಲ್‌ನ ನೇರ ಸಂಬಂಧಿ: ಹೆಸರು ಹೇಳಿ ಬಳಸಿ, ಬದಲಿಸಿದರೆ ಇದೇ ಷರತ್ತಿನಲ್ಲಿ ಹಂಚಿ. 2009ರಿಂದ ವಿಕಿಪೀಡಿಯದ ಲೇಖನಗಳು, ಕನ್ನಡದವೂ ಸೇರಿ, ಈ ಪರವಾನಗಿಯಲ್ಲಿವೆ.

ಕನ್ನಡಕ್ಕೆ ಇದರ ಬೆಲೆ ಏನೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಮೊದಲು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತಿದ್ದ ಹೊತ್ತಿನಲ್ಲಿ, 1992ರಲ್ಲಿ, ಅದನ್ನು ಏರಿಸಲಾಯಿತು. ಕಯ್ಯೂರು ರೈತರ ಹೋರಾಟವನ್ನು ಕಾದಂಬರಿಯಾಗಿಸಿದ ನಿರಂಜನರು ತೀರಿಕೊಂಡದ್ದು 1991ರಲ್ಲಿ. ಕಾನೂನಿನ ಪ್ರಕಾರ ಅವರ ಪುಸ್ತಕಗಳನ್ನು ಅನುಮತಿಯಿಲ್ಲದೆ ಯಾರೂ ಮರುಮುದ್ರಿಸುವಂತಿಲ್ಲ, 2051 ಮುಗಿಯುವವರೆಗೆ. ಆದರೆ 2014ರಲ್ಲಿ ಅವರ ಕುಟುಂಬ 50ಕ್ಕೂ ಹೆಚ್ಚು ಪುಸ್ತಕಗಳನ್ನು ಶೇರ್‌ಅಲೈಕ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶದ ಹಲವು ಸಂಪುಟಗಳನ್ನು ಇದೇ ರೀತಿ ಮುಕ್ತಗೊಳಿಸಿತು. ನೂರಾರು ವಿದ್ವಾಂಸರ ದುಡಿಮೆ ವಿಕಿಪೀಡಿಯದ ಬರಹಗಾರರ ಕೈಗೆ ಬಂತು.

ಇದು ಎಲ್ಲ ಲೇಖಕರಿಗೂ ಸಲ್ಲುವ ದಾರಿಯಲ್ಲ. ಬರವಣಿಗೆಯಿಂದಲೇ ಬದುಕುವವರಿಗೆ ಗೌರವಧನ ಸಿಗಬೇಕು, ಅದಕ್ಕೆ ಕೃತಿಸ್ವಾಮ್ಯ ಬೇಕು. ಆ ಹಕ್ಕಿನ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ನನ್ನ ಸಂಕಟ ಮರುಮುದ್ರಣ ಕಾಣದ ಪುಸ್ತಕಗಳದ್ದು. ಅವುಗಳಿಂದ ಲೇಖಕರ ಮನೆಯವರಿಗೆ ಒಂದು ರೂಪಾಯಿ ಬರುವುದಿಲ್ಲ, ಓದುಗರಿಗೆ ಒಂದು ಪ್ರತಿ ಸಿಗುವುದಿಲ್ಲ. ಆದರೂ ಕಾನೂನು ಅವುಗಳನ್ನು ದಶಕಗಟ್ಟಲೆ ಕಟ್ಟಿಹಾಕುತ್ತದೆ. ಜನರ ತೆರಿಗೆ ಹಣದಲ್ಲಿ ಅಕಾಡೆಮಿ, ಪ್ರಾಧಿಕಾರ, ವಿಶ್ವವಿದ್ಯಾಲಯಗಳು ತಂದ ನಿಘಂಟು, ಸಂಪುಟಗಳದ್ದೂ ಇದೇ ಪಾಡು.

ಇದನ್ನು ಬಿಡಿಸಲು ಹೊಸ ಕಾಯಿದೆ ಬೇಕಿಲ್ಲ. ನಮ್ಮ ಕಾಯಿದೆಯ 30ನೆಯ ಸೆಕ್ಷನ್ ಪ್ರಕಾರ ಹಕ್ಕುದಾರರು ಲಿಖಿತವಾಗಿ ಪರವಾನಗಿ ಕೊಟ್ಟರೆ ಸಾಕು. ಸಹಿಯೂ ಇರಬೇಕೆಂಬ ಮಾತನ್ನು 2012ರ ತಿದ್ದುಪಡಿ ತೆಗೆದುಹಾಕಿದೆ. ಪುಸ್ತಕದ ಎರಡನೆಯ ಪುಟದಲ್ಲಿ ಹಕ್ಕುಗಳು ಯಾರವೆಂದು ಮುದ್ರಿಸುವ ಜಾಗದಲ್ಲೇ ಇನ್ನೊಂದು ಸಾಲು ಸೇರಿಸಿದರೆ ಕೆಲಸ ಮುಗಿಯಿತು. ಅದನ್ನು ಓದುಗರು ಬರೆಯಲಾರರು, ಗ್ರಂಥಪಾಲಕರು ಬರೆಯಲಾರರು. ಹಕ್ಕು ಯಾರ ಕೈಯಲ್ಲಿದೆಯೋ ಅವರೇ ಬರೆಯಬೇಕು: ಲೇಖಕರು ಬದುಕಿರುವಾಗಲೇ, ಮಕ್ಕಳು ಪೆಟ್ಟಿಗೆಯಲ್ಲಿಟ್ಟ ಹಸ್ತಪ್ರತಿಗಳನ್ನು ತೆಗೆದಾಗ, ಸಂಸ್ಥೆಗಳು ಮುಂದಿನ ಸಂಪುಟವನ್ನು ಅಚ್ಚಿಗೆ ಕಳಿಸುವ ಮುನ್ನ.