ದೊಡ್ಡ ಅಂಗಡಿಯ ಸಿಹಿ, ಹಬ್ಬದ ತಟ್ಟೆ

ಕ್ರಿಸ್ಮಸ್ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಕಡೆಯ ಮನೆಗಳಿಗೆ ಎರಡು ಬಗೆಯ ಸಿಹಿ ಬಂದು ಸೇರುತ್ತದೆ. ಒಂದು, ಒಲೆಯ ಮುಂದೆ ಕುಳಿತು ಮಾಡಿದ ಕುಸ್ವಾರ್. ಇನ್ನೊಂದು, ಮಂಗಳೂರಿಗೋ ಬೆಂಗಳೂರಿಗೋ ಹೋದವರು, ಗಲ್ಫಿನಿಂದ ರಜೆಗೆ ಬಂದವರು ತರುವ ಹೊಳೆಯುವ ಪೆಟ್ಟಿಗೆಗಳು. ಮೊದಲನೆಯದರ ರುಚಿ ನಮಗೆ ಗೊತ್ತು. ಎರಡನೆಯದರ ಬೆಲೆ ಮಾತ್ರ ಗೊತ್ತು.

ಕಳೆದ ವರ್ಷ ಡಿಸೆಂಬರ್ ತಿಂಗಳಲ್ಲಿ ಅತ್ತೆಯವರ ಕಣ್ಣು ತೋರಿಸಲು ಮಂಗಳೂರಿಗೆ ಹೋಗಿದ್ದೆವು. ಮರಳುವಾಗ ಮಗಳ ಒತ್ತಾಯಕ್ಕೆ ಒಂದು ದೊಡ್ಡ ಸೂಪರ್ ಮಾರ್ಕೆಟ್ ಹೊಕ್ಕೆವು. ಹೊರದೇಶದ ತಿಂಡಿಗಳಿಗೆಂದೇ ಅಲ್ಲಿ ಬೇರೆ ಕಪಾಟು. ಅತ್ತೆ ಒಂದು ಎತ್ತರದ ಡಬ್ಬಿಯನ್ನು ಕೈಗೆತ್ತಿಕೊಂಡು, "ಇದೆಂಥದ್ದು, ರೊಟ್ಟಿಯಾ? ಇದಕ್ಕೆ ಇಷ್ಟು ಕ್ರಯವಾ?" ಎಂದು ಕೇಳಿದರು. "ಇಟಲಿಯವರ ಕ್ರಿಸ್ಮಸ್ ರೊಟ್ಟಿ, ಅತ್ತೆ" ಎಂದೆ. "ಹಾಗಾದರೆ ಪೋಪರೂ ಇದನ್ನೇ ತಿನ್ನುವುದಾ?" ಎಂದರು. ಪಕ್ಕದಲ್ಲಿ ನಿಂತಿದ್ದವರೂ ನಕ್ಕರು.

ಆ ರೊಟ್ಟಿಯನ್ನು ನಾವು ಕೊಳ್ಳಲಿಲ್ಲ. ಕೊಂಡದ್ದು ಬಂಗಾರದ ಬಣ್ಣದ ಕಾಗದ ಸುತ್ತಿದ, ಹೊರದೇಶದ ಹೆಸರಿನ ಒಂದು ಚಾಕೊಲೇಟ್ ಪೆಟ್ಟಿಗೆ. ಹಬ್ಬದ ರಾತ್ರಿ ಬಲಿಪೂಜೆ ಮುಗಿಸಿ ಬಂದು ಅದನ್ನು ಬಿಚ್ಚಿದೆವು. ಬಾಯಿಗಿಟ್ಟರೆ ಮೇಣ ಅಗಿದ ಹಾಗೆ. ಪೆಟ್ಟಿಗೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಆಗ ಓದಿದೆ. ಮೊದಲು ಸಕ್ಕರೆ, ಆಮೇಲೆ ಸಸ್ಯಜನ್ಯ ಕೊಬ್ಬು, ಕೊಕ್ಕೊ ಎಲ್ಲೋ ಕೊನೆಯಲ್ಲಿ. ನಮ್ಮದೇ ಅಡಿಕೆ ತೋಟದಲ್ಲಿ ಅಳಿಲು ತಿಂದು ಉಳಿಸಿದ ಕೊಕ್ಕೊ ಕಾಯಿ ಕೊಯ್ಯುವ ಯಜಮಾನರು ಏನೂ ಹೇಳದೆ ಕೈ ತೊಳೆಯಲು ಎದ್ದರು.

ಹಣ ಹೋದದ್ದು ದೊಡ್ಡ ಮಾತಲ್ಲ. ಮರುದಿನ ನೆರೆಮನೆಗಳಿಗೆ ಕುಸ್ವಾರ್ ತಟ್ಟೆ ಕೊಂಡುಹೋಗಲು ಹೇಳಿದಾಗ ಮಗಳು, "ಇದನ್ನೆಲ್ಲ ಈಗ ಯಾರು ತಿನ್ನುತ್ತಾರೆ ಅಮ್ಮಾ? ನಾನು ಆ ಪೆಟ್ಟಿಗೆಯನ್ನೇ ಕೊಡುತ್ತೇನೆ" ಎಂದಳು. ನಾಲ್ಕು ದಿನ ಸೊಂಟ ಬಗ್ಗಿಸಿ ಗುಳಿಯೊ ಉಂಡೆ ಕಟ್ಟಿದ ಅತ್ತೆ ಅಲ್ಲೇ ಇದ್ದರು. ಅವರು ಮಾತಾಡಲಿಲ್ಲ. ಆ ಮೌನ ನನ್ನನ್ನು ಹಲವು ದಿನ ಕಾಡಿತು.

ಆ ಕಪಾಟಿನಲ್ಲಿ ನಿಜಕ್ಕೂ ತಿನ್ನಲು ತಕ್ಕದ್ದು ಯಾವುದು, ಬರೀ ಹೊಳಪು ಯಾವುದು ಎಂದು ಈ ಒಂದು ವರ್ಷ ಓದಿ, ಕೇಳಿ, ಅಲ್ಪಸ್ವಲ್ಪ ಕೊಂಡು ತಿಂದು ನೋಡಿದ್ದೇನೆ. ಒಳ್ಳೆಯ ವಸ್ತುಗಳು ಖಂಡಿತ ಇವೆ. ಅವುಗಳಲ್ಲಿ ಕೆಲವಕ್ಕೆ ನಮ್ಮ ಧರ್ಮಸಭೆಯ ಇತಿಹಾಸದ ನಂಟೂ ಇದೆ.

ಮಿಲಾನಿನ ಹಬ್ಬದ ರೊಟ್ಟಿ

ಅತ್ತೆ ಕೈಗೆತ್ತಿಕೊಂಡ ಆ ಡಬ್ಬಿಯಲ್ಲಿದ್ದುದು ಪನೆಟೋನೆ. ಇಟಲಿಯ ಮಿಲಾನ್ ನಗರದಲ್ಲಿ ಹುಟ್ಟಿದ ಕ್ರಿಸ್ಮಸ್ ರೊಟ್ಟಿ ಇದು. ಆಕಾರ ಗುಮ್ಮಟದಂತೆ. ಒಳಗೆ ಒಣದ್ರಾಕ್ಷಿ, ಸಕ್ಕರೆ ಪಾಕದಲ್ಲಿ ನೆನೆಸಿದ ಕಿತ್ತಳೆ ಸಿಪ್ಪೆ. ಮಾಡಲು ಎರಡು ಮೂರು ದಿನ ಹಿಡಿಯುತ್ತದೆ. ನಾವು ದೋಸೆ ಹಿಟ್ಟನ್ನು ಹುಳಿ ಬರಲು ಬಿಡುವಂತೆ ಇದರ ಹಿಟ್ಟನ್ನೂ ಸಹಜವಾಗಿ ಹುದುಗಲು ಬಿಡುತ್ತಾರೆ. ಬೆಂದ ಮೇಲೆ ಗುಮ್ಮಟ ಕುಸಿಯದಿರಲೆಂದು ತಲೆಕೆಳಗಾಗಿ ತೂಗುಹಾಕಿ ಆರಿಸುತ್ತಾರೆ.

ಈ ಹೆಸರನ್ನು ಯಾರು ಬೇಕಾದರೂ ಬಳಸುವುದನ್ನು ತಡೆಯಲು ಇಟಲಿ ಸರಕಾರ 2005ರಲ್ಲಿ ಕಟ್ಟಳೆ ಮಾಡಿತು. ಅದರ ಪ್ರಕಾರ ಬೆಣ್ಣೆ ಕನಿಷ್ಠ ಶೇ. 16, ಒಣದ್ರಾಕ್ಷಿ ಮತ್ತು ಹಣ್ಣಿನ ಸಿಪ್ಪೆ ಸೇರಿ ಕನಿಷ್ಠ ಶೇ. 20, ಮೊಟ್ಟೆಯ ಹಳದಿ ಕನಿಷ್ಠ ಶೇ. 4 ಇರಲೇಬೇಕು. ಆದ್ದರಿಂದ ಕೊಳ್ಳುವಾಗ ಇಟಲಿಯಲ್ಲೇ ತಯಾರಾದದ್ದೇ, ಬೆಣ್ಣೆಯ ಹೆಸರು ಇದೆಯೇ ಎಂದು ನೋಡಿರಿ. ಬೆಣ್ಣೆಯ ಜಾಗದಲ್ಲಿ ಬೇರೆ ಕೊಬ್ಬಿನ ಹೆಸರಿದ್ದರೆ ಅದು ಬೇರೆಯೇ ರೊಟ್ಟಿ.

ಮಿಲಾನಿನ ಮನೆಗಳಲ್ಲಿ ಹಬ್ಬದ ಪನೆಟೋನೆಯ ಒಂದು ತುಂಡನ್ನು ತೆಗೆದಿಟ್ಟು, ಫೆಬ್ರವರಿ 3ರಂದು ಸಂತ ಬ್ಲೇಸಿಯಸರ ಹಬ್ಬದ ದಿನ ಬೆಳಗ್ಗೆ ಬರಿಹೊಟ್ಟೆಯಲ್ಲಿ ತಿನ್ನುವ ರೂಢಿ ಇದೆ. ಆ ಸಂತರು ಗಂಟಲಿನ ರೋಗಗಳಿಂದ ಕಾಪಾಡುವವರು. ಎರಡು ಮೇಣದ ಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ಗಂಟಲಿಗೆ ಹಿಡಿದು ಗುರುಗಳು ಆಶೀರ್ವದಿಸುವುದನ್ನು ನಾವೂ ಕಂಡಿದ್ದೇವೆ.

ಬೆಣ್ಣೆಗೆ ಅನುಮತಿ ಬೇಡಿದ ಕಾಲ

ಅದೇ ಕಪಾಟಿನಲ್ಲಿ ಕಾಣುವ ಇನ್ನೊಂದು ತಿಂಡಿ ಜರ್ಮನಿಯ ಸ್ಟೋಲನ್. ಡ್ರೆಸ್ಡನ್ ನಗರದ್ದು ಹೆಚ್ಚು ಪ್ರಸಿದ್ಧ. ಉದ್ದನೆಯ ರೊಟ್ಟಿ, ಮೇಲೆಲ್ಲ ಬಿಳಿ ಸಕ್ಕರೆ ಪುಡಿ. ಬಟ್ಟೆಯಲ್ಲಿ ಸುತ್ತಿದ ಬಾಲಯೇಸುವನ್ನು ಅದು ನೆನಪಿಸುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ.

ಹಿಂದಿನ ಕಾಲದಲ್ಲಿ ಆಗಮನ ಕಾಲ ಉಪವಾಸದ ಕಾಲವಾಗಿತ್ತು. ಬೆಣ್ಣೆ ನಿಷಿದ್ಧ. ಎಣ್ಣೆ ಹಾಕಿ ಮಾಡಿದ ಸ್ಟೋಲನ್ ಸಪ್ಪೆಯಾಗಿರುತ್ತಿತ್ತು. ಸಾಕ್ಸನಿಯ ಅರಸರ ಕೋರಿಕೆಯ ಮೇಲೆ ಪೋಪ್ ಎಂಟನೆಯ ಇನ್ನೊಸೆಂಟ್ 1491ರಲ್ಲಿ ಬೆಣ್ಣೆ ಬಳಸಲು ಅನುಮತಿ ಕೊಟ್ಟರು. ಆ ಪತ್ರಕ್ಕೆ 'ಬೆಣ್ಣೆ ಪತ್ರ' ಎಂದೇ ಹೆಸರು. ಒಂದು ಚಮಚ ಬೆಣ್ಣೆಗಾಗಿ ರೋಮಿಗೆ ಪತ್ರ ಬರೆದು ಕಾದವರ ತಿಂಡಿ ಇದು! ಬೇಕೆನಿಸಿದ ಗಳಿಗೆಯಲ್ಲೇ ಬಾಯಿಗೆ ಹಾಕಿಕೊಳ್ಳುವ ನಮ್ಮ ಮಕ್ಕಳಿಗೆ ಈ ಕಥೆ ಹೇಳಲೇಬೇಕು.

ಸ್ಟೋಲನ್ ಮಾಡಿದ ಕೆಲವು ವಾರಗಳ ಬಳಿಕ ಇನ್ನಷ್ಟು ರುಚಿಗೂಡುತ್ತದೆ. ಮೊದಲೇ ತಂದಿಟ್ಟರೂ ಚಿಂತೆಯಿಲ್ಲ. ತೆಳ್ಳಗೆ ಕೊಯ್ದರೆ ಒಂದರಲ್ಲಿ ಇಡೀ ವಾರ್ಡಿನ ಕುಟುಂಬಗಳಿಗೆ ರುಚಿ ತೋರಿಸಬಹುದು. ಕೆಲವದರಲ್ಲಿ ಹಣ್ಣುಗಳನ್ನು ರಮ್ಮಿನಲ್ಲಿ ನೆನೆಸಿರುತ್ತಾರೆ. ಮಕ್ಕಳಿಗೆ ಕೊಡುವ ಮುನ್ನ ಓದಿ ನೋಡಿರಿ.

ನಮ್ಮ ತೋಟದ ಕೊಕ್ಕೊ

ಈಗ ಚಾಕೊಲೇಟಿನ ವಿಷಯ. ನಿಜವಾದ ಚಾಕೊಲೇಟಿನ ಕೊಬ್ಬು ಕೊಕ್ಕೊ ಬೀಜದ್ದೇ. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ನಮ್ಮ ಬಾಯಿಯ ಶಾಖ ಅದಕ್ಕಿಂತ ತುಸು ಹೆಚ್ಚು. ಆದ್ದರಿಂದಲೇ ಒಳ್ಳೆಯ ಚಾಕೊಲೇಟನ್ನು ಅಗಿಯಬೇಕಿಲ್ಲ, ನಾಲಗೆಯ ಮೇಲಿಟ್ಟರೆ ತಾನಾಗಿ ಕರಗುತ್ತದೆ. ಕೊಕ್ಕೊ ಬೆಣ್ಣೆಗೆ ಬದಲು ಅಗ್ಗದ ಸಸ್ಯಜನ್ಯ ಕೊಬ್ಬು ಬಳಸಿ ಮಾಡಿದ್ದು 'ಕಾಂಪೌಂಡ್'. ನಮ್ಮ ಬಂಗಾರದ ಪೆಟ್ಟಿಗೆಯೊಳಗೆ ಇದ್ದುದು ಅದೇ.

ಡಾರ್ಕ್ ಚಾಕೊಲೇಟಿನ ಮೇಲೆ 'ಶೇ. 70' ಎಂದಿದ್ದರೆ ಅದರ 100 ಗ್ರಾಮಿನಲ್ಲಿ 70 ಗ್ರಾಂ ಕೊಕ್ಕೊ ಬೀಜದಿಂದ ಬಂದದ್ದು, ಉಳಿದದ್ದು ಹೆಚ್ಚಾಗಿ ಸಕ್ಕರೆ ಎಂದರ್ಥ. ಮೊದಲ ಸಲ ತಿನ್ನುವವರಿಗೆ ಕಹಿ ಎನಿಸಬಹುದು. ಶೇ. 50 ಅಥವಾ 55ರಿಂದ ಆರಂಭಿಸಿದರೆ ಅಭ್ಯಾಸವಾಗುತ್ತದೆ.

ಇಲ್ಲಿ ನಾವು ಹೆಮ್ಮೆಪಡಬೇಕಾದ ಸಂಗತಿ ಒಂದಿದೆ. ಕಾಸರಗೋಡು, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೊ ಉಪಬೆಳೆ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಕೊಕ್ಕೊ ಬೆಲೆ ಕುಸಿದು ಕೊಳ್ಳುವವರಿಲ್ಲದ ಕಾಲದಲ್ಲಿ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಕೊಕ್ಕೊ ಬೀಜವನ್ನು ಲೋಳೆಸಹಿತ ಬುಟ್ಟಿಯಲ್ಲಿಟ್ಟು, ಬಾಳೆಲೆ ಮುಚ್ಚಿ, ನಡುನಡುವೆ ಮಗುಚುತ್ತಾ ಸುಮಾರು ಆರು ದಿನ ಹುದುಗಿಸಬೇಕು. ಆಮೇಲೆ ಬಿಸಿಲಿಗೆ ಒಣಗಿಸಬೇಕು. ಆ ಆರು ದಿನಗಳಿಲ್ಲದೆ ಚಾಕೊಲೇಟಿನ ಪರಿಮಳವೇ ಇಲ್ಲ. 2024ರಲ್ಲಿ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಕೊಕ್ಕೊ ಬೆಲೆ ಜಾಗತಿಕ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ನಾವು ಮೂಲೆಗೆ ತಳ್ಳಿದ್ದ ಗಿಡದ ಬೆಲೆ ಲೋಕಕ್ಕೆ ಆಗ ತಿಳಿಯಿತು.

ಇತ್ತೀಚೆಗೆ ದಕ್ಷಿಣ ಭಾರತದ ಕೊಕ್ಕೊ ಬೀಜದಿಂದಲೇ ಮಾಡಿದ, ತೋಟದ ಊರಿನ ಹೆಸರನ್ನೂ ನಮೂದಿಸಿದ ಚಾಕೊಲೇಟುಗಳು ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಬೆಲೆ ಹೆಚ್ಚೇ. ಆದರೆ ಒಮ್ಮೆ ಒಂದು ಪಟ್ಟಿ ಕೊಂಡು, ಮನೆಮಂದಿಯೆಲ್ಲ ಒಂದೊಂದು ಚೂರು ಬಾಯಿಗಿಟ್ಟು ನೋಡಿರಿ.

ಮಠದ ಚೀಸು

ಸಿಹಿ ಬೇಡ ಎನ್ನುವವರಿಗೆ ಚೀಸು ಇದೆ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಶಾಖೆಯ ಬೆನೆಡಿಕ್ಟೈನ್ ಸನ್ಯಾಸಿಗಳ ಮಠವಿದೆ. ಇಟಲಿಯ ಟಸ್ಕನಿ ಸೀಮೆಯಲ್ಲಿ ಸಂತ ಜಾನ್ ಗ್ವಾಲ್ಬರ್ಟರು 11ನೇ ಶತಮಾನದಲ್ಲಿ ಆರಂಭಿಸಿದ ಸಭೆ ಇದು. ಬೆಂಗಳೂರಿನ ಸನ್ಯಾಸಿಗಳು ಇಟಲಿಯ ಕ್ರಮದಲ್ಲಿ ಮೊಝರೆಲ್ಲಾ, ಬುರಾಟಾ, ರಿಕೋಟಾ ಮುಂತಾದ ತಾಜಾ ಚೀಸುಗಳನ್ನು ಮಾಡುತ್ತಾರೆ. ಸನ್ಯಾಸಿಗಳು ತಮ್ಮ ಕೈಯ ದುಡಿಮೆಯಿಂದಲೇ ಬಾಳಬೇಕು ಎಂಬುದು ಸಂತ ಬೆನೆಡಿಕ್ಟರ ನಿಯಮ. ಅದನ್ನು ಹೀಗೆ ಹಾಲಿನ ಪಾತ್ರೆಯಲ್ಲಿ ಪಾಲಿಸುತ್ತಿದ್ದಾರೆ.

ಬುರಾಟಾ ಎಂದರೆ ಮೊಝರೆಲ್ಲಾದ ಚೀಲದೊಳಗೆ ಕೆನೆ ತುಂಬಿದ ಬಿಳಿ ಉಂಡೆ. ಕೊಯ್ದರೆ ಕೆನೆ ಹರಿಯುತ್ತದೆ. ಹಣ್ಣಾದ ಟೊಮೆಟೊ ಹೋಳು, ಚಿಟಿಕೆ ಉಪ್ಪು, ನಾಲ್ಕು ಹನಿ ಒಲಿವ್ ಎಣ್ಣೆ ಸಾಕು. ಎಣ್ಣೆ ಕೊಳ್ಳುವುದಾದರೆ 'ಎಕ್ಸ್‌ಟ್ರಾ ವರ್ಜಿನ್' ಎಂದಿರುವ, ಕಪ್ಪು ಬಾಟಲಿಯದ್ದು ಒಳ್ಳೆಯದು. 'ಪೋಮೆಸ್' ಎಂದಿದ್ದರೆ ಅದು ಹಿಂಡಿಯಿಂದ ತೆಗೆದದ್ದು. ತಾಜಾ ಚೀಸು ಹೆಚ್ಚು ದಿನ ಉಳಿಯದು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ಮಕ್ಕಳು ಐಸ್ ಇಟ್ಟು ತಂದು, ಎರಡು ದಿನದೊಳಗೆ ಮುಗಿಸುವುದು ಕ್ಷೇಮ.

ಗಲ್ಫಿನಿಂದ ಬರುವ ಖರ್ಜೂರ

ಖರ್ಜೂರಗಳಲ್ಲಿ ಮೆಜೂಲ್ ಎಂಬುದು ದೊಡ್ಡದು, ಮೆತ್ತಗಿನದು. ಇದರ ಮೂಲ ಮೊರಾಕೊ. ಅಲ್ಲಿ ಮರಗಳಿಗೆ ರೋಗ ತಗಲಿದಾಗ 1927ರಲ್ಲಿ 11 ಎಳೆಯ ಸಸಿಗಳನ್ನು ಅಮೆರಿಕಕ್ಕೆ ಒಯ್ದು ಕಾಪಾಡಿದರು. ಇಂದು ಅಮೆರಿಕದಲ್ಲಿ ಬೆಳೆಯುವ ಮೆಜೂಲ್ ಮರಗಳು ಆ ಕೆಲವೇ ಸಸಿಗಳ ಸಂತತಿ. ಬೀಜ ತೆಗೆದು ಒಳಗೆ ಒಂದು ಗೋಡಂಬಿ ಇಟ್ಟರೆ ಬೇರೆ ಮಿಠಾಯಿ ಬೇಡ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಮಿತಿ ಮೀರಬಾರದು.

ಕೊಳ್ಳುವ ಮುನ್ನ

1. ಪೊಟ್ಟಣದ ಮುಂಭಾಗ ನೋಡಬೇಡಿರಿ, ಹಿಂಭಾಗ ಓದಿರಿ. ಯಾವ ವಸ್ತು ತೂಕದಲ್ಲಿ ಹೆಚ್ಚಿದೆಯೋ ಅದರ ಹೆಸರು ಮೊದಲು ಇರುತ್ತದೆ.
2. ಪಟ್ಟಿ ಉದ್ದವಾದಷ್ಟೂ ಎಚ್ಚರ. ಅಡುಗೆಮನೆಯಲ್ಲಿ ಗುರುತು ಸಿಗುವ ಹೆಸರುಗಳಿದ್ದರೆ ಒಳ್ಳೆಯದು.
3. ಪೆಟ್ಟಿಗೆಯ ಬೆಲೆಯನ್ನಲ್ಲ, 100 ಗ್ರಾಮಿನ ಬೆಲೆಯನ್ನು ಹೋಲಿಸಿರಿ.
4. ದಿನಾಂಕ ನೋಡಿರಿ. ರಿಯಾಯಿತಿ ಮಾರಾಟದಲ್ಲಿ ಅವಧಿ ಮುಗಿಯುತ್ತಾ ಬಂದವು ಹೆಚ್ಚಿರುತ್ತವೆ.
5. ಹಬ್ಬಕ್ಕೆ ಒಂದೇ ವಸ್ತು ಆರಿಸಿರಿ. ಸಾಲ ಮಾಡಿ ತಂದ ಸಿಹಿ ಜನವರಿಯಲ್ಲಿ ಕಹಿಯಾಗುತ್ತದೆ.

ಅತ್ತೆಯವರ ಪಟ್ಟಿ

ಇದನ್ನೆಲ್ಲ ಮಗಳಿಗೂ ಕಲಿಸಿದೆ. ಈಗ ಅಂಗಡಿಗೆ ಹೋದರೆ ಅವಳೇ ಪೊಟ್ಟಣ ತಿರುಗಿಸಿ ಓದುತ್ತಾಳೆ. ಕಳೆದ ವಾರ ಅತ್ತೆ ಗುಳಿಯೊಗೆ ಅಕ್ಕಿ ಹುರಿಯುತ್ತಿದ್ದರು. ಮಗಳು ಪಕ್ಕದಲ್ಲಿ ಕುಳಿತು, "ಅಜ್ಜೀ, ಇದಕ್ಕೆ ಏನೆಲ್ಲ ಹಾಕುತ್ತೀರಿ?" ಎಂದು ಕೇಳಿದಳು. "ಅಕ್ಕಿ, ತೆಂಗಿನ ಹಾಲು, ಸಕ್ಕರೆ, ಉಪ್ಪು. ಇನ್ನೆಂಥದ್ದು ಹಾಕುವುದು?" ಎಂದರು ಅತ್ತೆ. ಮಗಳು ಬೆರಳು ಮಡಚಿ ಎಣಿಸಿ, "ನಾಲ್ಕೇ!" ಎಂದಳು. ಆಮೇಲೆ ತಾನಾಗಿ ಕೈ ತೊಳೆದು ಬಂದು ಉಂಡೆ ಕಟ್ಟಲು ಕುಳಿತಳು. ಅತ್ತೆಯ ಮುಖದಲ್ಲಿ ಕಂಡ ಸಂತೋಷಕ್ಕೆ ಯಾವ ಕಪಾಟಿನಲ್ಲೂ ಬೆಲೆಚೀಟಿ ಇಲ್ಲ.

ದುಬಾರಿ ಸಿಹಿ ಪಾಪವಲ್ಲ. ಕಾನಾ ಊರಿನ ಮದುವೆಯಲ್ಲಿ ಪ್ರಭು ಕೊಟ್ಟ ದ್ರಾಕ್ಷಾರಸ ಅಲ್ಲಿದ್ದ ಎಲ್ಲದಕ್ಕಿಂತ ಉತ್ತಮವಾಗಿತ್ತು. ಅದನ್ನು ಬಂದವರೆಲ್ಲರೂ ಕುಡಿದರು. ನಮ್ಮ ಮೇಜಿನ ಒಳ್ಳೆಯ ತಿನಿಸಿಗೂ ಅದೇ ಅಳತೆ ಸಾಕು. ಈ ಸಲ ನಮ್ಮ ಮನೆಗೆ ಒಂದೇ ಒಂದು ಪನೆಟೋನೆ ಬರಲಿದೆ. ಅದರ ಬೆಲೆಯಷ್ಟೇ ಹಣವನ್ನು ದೇವಾಲಯದ ಬಡವರ ಪೆಟ್ಟಿಗೆಗೆ ಹಾಕುವುದೆಂದು ಯಜಮಾನರು ಹೇಳಿದ್ದಾರೆ. ಎರಡೂ ಆಗದಿದ್ದರೆ ಮೊದಲನೆಯದನ್ನು ಬಿಡುವುದೆಂದೂ ಮಾತಾಗಿದೆ.

ನೆರೆಮನೆಗಳಿಗೆ ಹೋಗುವ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊಗಳ ನಡುವೆ ಇಟಲಿಯ ರೊಟ್ಟಿಯ ಒಂದೊಂದು ತೆಳ್ಳಗಿನ ಹೋಳು ಇರುತ್ತದೆ. ತಟ್ಟೆ ಹೊರುವವಳು ಮಗಳೇ. ಒಂದು ತುಂಡನ್ನು ಮಾತ್ರ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ, ಸಂತ ಬ್ಲೇಸಿಯಸರ ಹಬ್ಬದ ಬೆಳಗ್ಗೆ ಅತ್ತೆಗೆ ಕೊಡಲು. ಪೋಪರೂ ಇದನ್ನೇ ತಿನ್ನುವುದಾ ಎಂಬ ಅವರ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ.