‘ಇನ್ಮೇಲೆ ಅದೆಲ್ಲಾ ಬೇಡ’ ಅಂದಾಗ...

ಮದುವೆ ಮಾತುಕತೆಯಲ್ಲಿ ಒಂದು ಮಾತು ಬರುತ್ತೆ, ಗಮನಿಸಿದ್ದೀರಾ? ಗಂಡಿನ ಕಡೆಯವರು ಕಾಫಿ ಲೋಟ ಕೆಳಗಿಡುತ್ತಾ ತೀರಾ ಹಗುರವಾಗಿ ಹೇಳುವ ಮಾತು. ‘ಹುಡುಗಿ ಹಾಡ್ತಾಳೆ, ನಾಟಕ ಮಾಡ್ತಾಳೆ ಅಂತ ಕೇಳಿದ್ವಿ. ಸಂತೋಷ. ಆದ್ರೆ ಮದುವೆ ಆದ್ಮೇಲೆ ಅದೆಲ್ಲಾ ಬೇಡ.’ ಹೆಣ್ಣಿನ ಕಡೆಯವರು ತಕ್ಷಣ ‘ಆಗಲಿ, ಆಗಲಿ’ ಅನ್ನುತ್ತಾರೆ. ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಅದನ್ನೇ ಎಲ್ಲರೂ ಒಪ್ಪಿಗೆ ಅಂದುಕೊಂಡು ಮುಹೂರ್ತ ನೋಡಲು ಹೊರಡುತ್ತಾರೆ!

ಈ ಒಂದು ಮಾತಿಗೆ ಮುಂದೆ ಎಷ್ಟು ಬೆಲೆ ತೆರಬೇಕಾಗಬಹುದು ಅಂತ ತಿಳಿಯಬೇಕಾದರೆ ‘ರಂಗನಾಯಕಿ’ಯ ಕತೆ ನೆನಪು ಮಾಡಿಕೊಳ್ಳಿ. ಅಶ್ವತ್ಥ ಅವರ ಕಾದಂಬರಿ ಇದು. 1981ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು. ಆರತಿ ರಂಗನಾಯಕಿ, ಅಂಬರೀಶ್ ಅವಳ ಅಣ್ಣನಂಥ ರಾಮಣ್ಣ. ನಮ್ಮ ಅಮ್ಮಂದಿರು ಕಣ್ಣೀರು ಒರೆಸಿಕೊಳ್ಳುತ್ತಾ ನೋಡಿದ ಸಿನಿಮಾ ಅದು. ನಾವು ಟೀವಿಯಲ್ಲಿ ಒಗ್ಗರಣೆ ಹಾಕುತ್ತಾ, ಅರ್ಧಂಬರ್ಧ ನೋಡಿದ್ದೇವೆ, ಅಲ್ವಾ?

ನಾಟಕ ಕಂಪನಿಯಲ್ಲೇ ಬೆಳೆದ ಹುಡುಗಿ ರಂಗನಾಯಕಿ. ಅವಳಿಗೆ ರಂಗವೇ ಮನೆ, ಕಂಪನಿಯವರೇ ಬಂಧುಬಳಗ. ಸಿರಿವಂತನೊಬ್ಬ ಅವಳನ್ನು ಮೆಚ್ಚಿ ಮದುವೆಯಾಗುತ್ತಾನೆ. ಆದರೆ ಒಂದು ಷರತ್ತು: ಇನ್ನು ಬಣ್ಣ ಹಚ್ಚುವಂತಿಲ್ಲ. ಅವಳು ಒಪ್ಪುತ್ತಾಳೆ. ಗಂಡ, ಮಗು, ಸಂಸಾರ... ಎಲ್ಲವೂ ಚೆನ್ನಾಗಿಯೇ ಇರುತ್ತೆ. ಮುಂದೊಂದು ದಿನ ಹಳೆಯ ಕಂಪನಿ ಕಷ್ಟದಲ್ಲಿದ್ದಾಗ, ಸಾಕಿದವರ ಋಣಕ್ಕೆ ಅವಳು ಕೊಟ್ಟ ಮಾತು ಮೀರಿ ಮತ್ತೆ ರಂಗ ಹತ್ತುತ್ತಾಳೆ. ಅಷ್ಟೇ! ಗಂಡ ಮಗುವನ್ನು ಎತ್ತಿಕೊಂಡು ಹೊರಟೇಹೋಗುತ್ತಾನೆ. ಅವಳು ಸಿನಿಮಾ ತಾರೆಯಾಗುತ್ತಾಳೆ, ಹೆಸರು ಬರುತ್ತೆ, ಹಣ ಬರುತ್ತೆ. ಆದರೆ ಮಗ? ವರ್ಷಗಳ ನಂತರ ತನ್ನನ್ನು ಮೋಹಿಸಿ ಬಂದ ತರುಣನೇ ತನ್ನ ಮಗ ಅಂತ ತಿಳಿದಾಗ ಆ ತಾಯಿಯ ಪಾಡು ಯಾರಿಗೂ ಬೇಡ.

ನಮ್ಮ ಕೋಗಿಲಿನಲ್ಲಿ ಮಧ್ಯಾಹ್ನ ನಾಲ್ಕಾರು ಜನ ಹೆಂಗಸರು ಸೇರಿದಾಗ ಈ ಕತೆ ಬಂದರೆ ಎರಡು ಪಕ್ಷ ಆಗಿಬಿಡುತ್ತೆ. ‘ಮಾತು ಕೊಟ್ಟ ಮೇಲೆ ತಪ್ಪಬಾರದಿತ್ತು ಕಣ್ರೀ’ ಅಂತ ಒಬ್ಬರು. ‘ಒಂದು ನಾಟಕಕ್ಕೆ ಮಗು ಕಿತ್ಕೊಂಡು ಹೋಗೋದಾ?’ ಅಂತ ಇನ್ನೊಬ್ಬರು. ನಿಜ ಹೇಳಿ, ನೀವು ಯಾವ ಪಕ್ಷ?

ನನಗನ್ನಿಸುವುದೇ ಬೇರೆ. ಆ ಸಂಸಾರ ಒಡೆದದ್ದು ನಾಟಕದಿಂದಲ್ಲ. ಮದುವೆಯ ದಿನ ಹಾಕಿದ ಷರತ್ತಿನ ಬಗ್ಗೆ ಆಮೇಲೆ ಒಂದು ದಿನವೂ ಮನಸ್ಸು ಬಿಚ್ಚಿ ಮಾತಾಡಲು ಅವಳಿಗೆ ದಾರಿಯೇ ಇರಲಿಲ್ಲವಲ್ಲ, ಅದರಿಂದ. ‘ಅವರು ಕಷ್ಟದಲ್ಲಿದ್ದಾರೆ, ಒಂದು ಸಲ ಹೋಗ್ಲಾ?’ ಅಂತ ಹೆದರದೆ ಕೇಳಿ ಒಪ್ಪಿಸುವಂಥ ಮನೆಯಾಗಿದ್ದರೆ ಕತೆಯೇ ಮುಂದುವರಿಯುತ್ತಿರಲಿಲ್ಲ.

ಇನ್ನೊಬ್ಬ ಗಂಡ, ಇನ್ನೊಂದು ಆಜ್ಞೆ

ಇದಕ್ಕೆ ಪೂರಾ ಉಲ್ಟಾ ಕತೆಯೂ ಇದೆ. ಮರಾಠಿ ನಟಿ ಹಂಸಾ ವಾಡಕರ್ ತಮ್ಮ ಬಾಳನ್ನು ‘ಸಾಂಗತ್ಯೇ ಐಕಾ’ ಎಂಬ ಆತ್ಮಕತೆಯಲ್ಲಿ ಹೇಳಿಕೊಂಡರು. ಅದನ್ನು ಆಧರಿಸಿ ಶ್ಯಾಮ್ ಬೆನಗಲ್ 1977ರಲ್ಲಿ ‘ಭೂಮಿಕಾ’ ಮಾಡಿದರು. ಚಿತ್ರಕತೆ ಬರೆದವರಲ್ಲಿ ನಮ್ಮ ಗಿರೀಶ್ ಕಾರ್ನಾಡರೂ ಒಬ್ಬರು. ನಟಿಯ ಪಾತ್ರಕ್ಕೆ ಸ್ಮಿತಾ ಪಾಟೀಲ್‌ಗೆ ರಾಷ್ಟ್ರಪ್ರಶಸ್ತಿ ಬಂತು.

ಅದರಲ್ಲಿ ನಾಯಕಿಗೆ ನಟನೆ ಬಿಟ್ಟು ಮನೆಯಲ್ಲಿರುವ ಆಸೆ. ಗಂಡ ಬಿಡಬೇಕಲ್ಲ! ಅವಳ ಸಂಪಾದನೆಯಲ್ಲೇ ಅವನ ಜೀವನ. ಅದನ್ನು ಬಿಟ್ಟು ಬಂದರೆ ಮುಂದೆ ಸಿಕ್ಕ ದೊಡ್ಡ ಮನುಷ್ಯ ಎಲ್ಲ ಸುಖ ಕೊಡುತ್ತಾನೆ, ಆದರೆ ಮನೆ ಗೇಟು ದಾಟಲು ಬಿಡುವುದಿಲ್ಲ.

ಒಬ್ಬ ‘ಬಣ್ಣ ಹಚ್ಚಬೇಡ’ ಅಂದ. ಇನ್ನೊಬ್ಬ ‘ಹಚ್ಚು’ ಅಂದ. ಎರಡೂ ಒಂದೇ ಅಲ್ವೇ? ‘ನಿನಗೇನು ಬೇಕು?’ ಅಂತ ಇಬ್ಬರೂ ಕೇಳಲಿಲ್ಲ. ನಮ್ಮ ಮನೆಗಳಲ್ಲೂ ಹೀಗೇ. ಒಬ್ಬಳಿಗೆ ‘ಕೆಲಸ ಬಿಡು’ ಅಂತ ಒತ್ತಾಯ. ಇನ್ನೊಬ್ಬಳಿಗೆ, ಹಾಲು ಕುಡಿಯುವ ಮಗು ಇದ್ದರೂ, ‘ಹೋಮ್ ಲೋನ್ ಕಂತು ಯಾರು ಕಟ್ತಾರೆ?’ ಅಂತ ಒತ್ತಾಯ. ಬಿಡುವುದೂ ತಪ್ಪಲ್ಲ, ಮಾಡುವುದೂ ತಪ್ಪಲ್ಲ. ಆದರೆ ಅದನ್ನು ನಿರ್ಧರಿಸುವವರ ಸಾಲಿನಲ್ಲಿ ನೀವೂ ಇರಬೇಕು.

‘ನಾಟಕ, ಸಿನಿಮಾ ಅಂದ್ರೆ ಮರ್ಯಾದಸ್ಥರ ಕೆಲಸವಾ?’ ಅನ್ನುವವರಿಗೆ ಮೈಸೂರಿನ ಆರ್. ನಾಗರತ್ನಮ್ಮನವರನ್ನು ತೋರಿಸಿ. ಕಂಪನಿ ನಾಟಕದ ಹೆಂಗಸರೆಂದರೆ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ, 1958ರಲ್ಲಿ, ಅವರು ಬರೀ ಹೆಂಗಸರದೇ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಗಂಡು ಪಾತ್ರಗಳೂ ಹೆಂಗಸರದೇ. ಸ್ವತಃ ಅವರೇ ಕಂಸ, ರಾವಣನಾಗಿ ಅಬ್ಬರಿಸುತ್ತಿದ್ದರು. 2012ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು.

ಕಾನೂನು ಏನು ಹೇಳುತ್ತೆ?

ರಂಗನಾಯಕಿಗೆ ಗೊತ್ತಿರದಿದ್ದದ್ದು ನಿಮಗೆ ಗೊತ್ತಿರಲಿ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು. ಸಿನಿಮಾ ಬರುವುದಕ್ಕೆ 25 ವರ್ಷ ಮೊದಲೇ ಈ ಕಾನೂನು ಇತ್ತು! ದೊಡ್ಡ ಮಕ್ಕಳ ವಿಷಯದಲ್ಲೂ ಕೋರ್ಟು ಮೊದಲು ನೋಡುವುದು ಮಗುವಿನ ಹಿತವನ್ನು. ‘ನೀನು ಹೊರಗೆ ದುಡಿಯೋಳು, ಮಗು ನಿಂಗೆ ಸಿಗಲ್ಲ’ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ.

ಇನ್ನೊಂದು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಬಡಿತ ಮಾತ್ರ ದೌರ್ಜನ್ಯ ಅಂತ ನಾವು ತಿಳಿದಿರುತ್ತೇವೆ. ಈ ಕಾಯ್ದೆಯಡಿ ಮನಸ್ಸಿಗೆ ಕೊಡುವ ಹಿಂಸೆಯೂ, ಹಣಕಾಸಿನ ಹಿಂಸೆಯೂ ದೌರ್ಜನ್ಯವೇ. ದೂರಿನ ವರದಿಗೆಂದು ನಿಯಮಗಳಲ್ಲಿ ಕೊಟ್ಟಿರುವ ನಮೂನೆಯನ್ನು ಓದಿ ನೋಡಿ. ಹೆಂಡತಿಯನ್ನು ಉದ್ಯೋಗ ಮಾಡದಂತೆ ತಡೆಯುವುದು, ಅವಳ ಸಂಬಳ ಕಿತ್ತುಕೊಳ್ಳುವುದು, ಎರಡೂ ಆ ಪಟ್ಟಿಯಲ್ಲಿವೆ. ಅಂದರೆ ಮೇಲಿನ ಎರಡು ಕತೆಯ ಗಂಡಂದಿರಿಗೂ ಅಲ್ಲಿ ಜಾಗ ಇದೆ! ಮನೆ ಗಂಡನ ಹೆಸರಿನಲ್ಲಿದ್ದರೂ, ನೀವು ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನೂ ಈ ಕಾಯ್ದೆ ಕೊಡುತ್ತೆ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತೆ. ಅದರ ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181. ಈ ಎರಡು ನಂಬರನ್ನು ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೆ ಪಕ್ಕದ ಮನೆಯವರಿಗೆ ಬೇಕಾದೀತು.

ಕೋರ್ಟಿಗೆ ಮೊದಲು ಊಟದ ಟೇಬಲ್

ಹಾಗಂತ ಇವತ್ತೇ ಯಜಮಾನರ ಮುಂದೆ ಕಾಯ್ದೆ ಪುಸ್ತಕ ಹಿಡಿಯಬೇಡಿ! ಹೆಚ್ಚಿನ ಮನೆಗಳಲ್ಲಿ ಕೊರತೆ ಇರುವುದು ಪ್ರೀತಿಯದಲ್ಲ, ಮಾತಿನದು. ಹೊಡೆತ, ಬೆದರಿಕೆ ಇರುವ ಮನೆಯ ಮಾತು ಬೇರೆ. ಅಲ್ಲಿ ಸಹಾಯವಾಣಿಗೆ ಮೊದಲು ಫೋನ್ ಮಾಡಿ. ಉಳಿದವರು ಹೀಗೆ ಮಾಡಿ ನೋಡಿ:

* ಮಗಳಿಗೆ ಗಂಡು ನೋಡುತ್ತಿದ್ದೀರಾ? ‘ಬಿಡಬೇಕು’ ಎಂಬ ಮಾತು ಬಂದಾಗ ಅವಳ ಪರವಾಗಿ ನೀವು ತಲೆಯಾಡಿಸಬೇಡಿ. ‘ಅವಳನ್ನೇ ಕೇಳಿ’ ಅನ್ನಿ. ಆ ಒಂದು ಮಾತು ಅವಳಿಗೆ ಹತ್ತು ಸವರನ್ ಚಿನ್ನಕ್ಕಿಂತ ದೊಡ್ಡ ಉಡುಗೊರೆ.

* ‘ನಂಗೂ ಏನಾದ್ರೂ ಮಾಡ್ಬೇಕು’ ಅಂತ ಗೊಣಗಿದರೆ ಯಾರಿಗೂ ಅರ್ಥವಾಗಲ್ಲ. ಲೆಕ್ಕವಾಗಿ ಹೇಳಿ. ‘ವಾರಕ್ಕೆ ಎರಡು ದಿನ, ಸಂಜೆ ಐದರಿಂದ ಆರೂವರೆ. ಆ ಹೊತ್ತು ಪಾಪು ನಿಮ್ಮ ಹತ್ರ.’ ಹೀಗಂದರೆ ‘ಹೂಂ’ ಅನ್ನುವುದು ಸುಲಭ.

* ಅವರ ಹೆದರಿಕೆ ಏನು ಅಂತಲೂ ಕೇಳಿ. ಜನ ಏನಂತಾರೆ ಅಂತಲೋ, ಮಕ್ಕಳ ಓದಿನ ಚಿಂತೆಯೋ, ಅತ್ತೆ ಮಾವನ ಊಟದ ಹೊತ್ತೋ? ಹೆದರಿಕೆಗೆ ಹೆಸರು ಸಿಕ್ಕರೆ ದಾರಿಯೂ ಸಿಗುತ್ತೆ.

* ಕದ್ದು ಮಾಡುವ ಪರಿಸ್ಥಿತಿ ಬಂದಿದೆ ಅಂದರೆ ಅದು ಎಚ್ಚರಿಕೆಯ ಗಂಟೆ. ಮೊದಲು ಸರಿಪಡಿಸಬೇಕಾದ್ದು ಆ ಹೆದರಿಕೆಯನ್ನು. ನಿಮ್ಮಿಬ್ಬರಿಂದ ಆಗದಿದ್ದರೆ ಇಬ್ಬರೂ ಗೌರವಿಸುವ ಹಿರಿಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

* ನಿಮ್ಮ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ಇರಲಿ. ಮಾರ್ಕ್ಸ್ ಕಾರ್ಡು, ಸರ್ಟಿಫಿಕೇಟುಗಳು, ಮಕ್ಕಳ ಜನನ ಪತ್ರದ ಪ್ರತಿ ನಿಮ್ಮ ಕೈಗೆ ಸಿಗುವಂತಿರಲಿ.

* ಕಲಿತದ್ದನ್ನು ಪೂರ್ತಿ ಬಿಡಬೇಡಿ. ಕೋಗಿಲು ಕ್ರಾಸಿನಿಂದ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ ನಾಟಕ ನೋಡಿ ಬರುವುದೆಂದರೆ ಅರ್ಧ ದಿನದ ಕೆಲಸ, ಒಪ್ಪುತ್ತೇನೆ. ಆದರೆ ಮನೆಯ ಮೇಲಿನ ತಾರಸಿ ಇದೆಯಲ್ಲ! ನಮ್ಮ ಬೀದಿಯ ಗೃಹಿಣಿಯೊಬ್ಬರು ಕಾಲೇಜಿನಲ್ಲಿ ನಾಟಕ ಮಾಡುತ್ತಿದ್ದವರು. ಮದುವೆಯಾಗಿ ಹನ್ನೊಂದು ವರ್ಷ ಅದರ ಸುದ್ದಿಯೇ ಇರಲಿಲ್ಲ. ಈಗ ಶನಿವಾರ ಸಂಜೆ ಅಕ್ಕಪಕ್ಕದ ಮಕ್ಕಳಿಗೆ ತಾರಸಿಯಲ್ಲಿ ಪುಟ್ಟ ನಾಟಕ ಕಲಿಸುತ್ತಾರೆ. ಮೊದಲು ‘ಬೇಡ’ ಅಂದಿದ್ದ ಯಜಮಾನರೇ ಈಗ ಚಾಪೆ ಹಾಸಿ, ಲೈಟು ಕಟ್ಟಿಕೊಡುತ್ತಾರೆ. ಅದಕ್ಕೆ ಆಕೆ ಮಾಡಿದ್ದಿಷ್ಟೇ, ಒಂದು ರಾತ್ರಿ ಊಟ ಆದ ಮೇಲೆ ಅಳದೆ, ಜಗಳವಾಡದೆ ‘ನಂಗೆ ಇದು ಬೇಕು ಕಣ್ರೀ’ ಅಂತ ಹೇಳಿದರು.

ಈ ಸಲ ‘ರಂಗನಾಯಕಿ’ ಟೀವಿಯಲ್ಲಿ ಬಂದರೆ ಒಬ್ಬರೇ ಕೂತು ಅಳಬೇಡಿ. ಯಜಮಾನರನ್ನೂ, ವಯಸ್ಸಿಗೆ ಬಂದ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಿನಿಮಾ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ, ‘ಅವನ ಜಾಗದಲ್ಲಿ ನೀವಿದ್ದಿದ್ರೆ?’ ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಕಾಯಿರಿ, ಪರವಾಗಿಲ್ಲ.